ಕಡವಿನ ದೀಪಕ್ಕೆ ಮನೆ ಹೇಳಿಕೆ

ಹೊಸಕಡವಿನ ಪಂಚಾಯತ್ ಬೋರ್ಡಿನ ಪ್ರೆಸಿಡೆಂಟರಾದ ಶಾಮರಾಯ ಹೊಳ್ಳರಿಗೆ ಊರಿನ ವರ್ತಮಾನವನ್ನು ಊರಿಗೇ ಹೇಳುವ ಚಟವಿತ್ತು. ಕುಂದಾಪುರಕ್ಕೂ ಬೈಂದೂರಿಗೂ ನಡುವೆ, ದೋಣಿ ದಾಟದೆ ಎಲ್ಲಿಗೂ ಹೋಗಲಾಗದ ಜಾಗದಲ್ಲಿ ಈ ಹೊಸಕಡವು ಇತ್ತು. ಅಲ್ಲಿ ಯಾರ ದನ ಯಾರ ಗದ್ದೆಗೆ ನುಗ್ಗಿತು, ತೋಡು ದಾಟುವ ಯಾವ ಸಂಕ ಮುರಿಯಿತು, ಶಾಲೆಯ ಮಾಡಿಗೆ ಹುಲ್ಲು ಹೊದೆಸಲು ಬೋರ್ಡು ಎಂತಹ ಗಂಭೀರ ಚರ್ಚೆ ನಡೆಸಿತು, ಇವೆಲ್ಲ ಅವರ ವರ್ತಮಾನದಲ್ಲಿ ಬರುತ್ತಿದ್ದವು. ಊರಿಗೆ ಇದೆಲ್ಲ ಅವರಿಗಿಂತ ಮೊದಲೇ ಗೊತ್ತಿರುತ್ತಿತ್ತು. ಆದರೆ ಬೋರ್ಡಿನ ವತಿಯಿಂದ ಗೊತ್ತಾಗಿರುವುದಿಲ್ಲವಲ್ಲ ಎಂಬುದು ಹೊಳ್ಳರ ವಾದ.

ಮೊದಲು ಈ ಕೆಲಸಕ್ಕೆ ಡಂಗುರದ ಬಚ್ಚ ಇದ್ದ. ಹೊಳ್ಳರು ಅರ್ಧ ಗಂಟೆ ಕೂತು ಹೇಳಿಕೊಟ್ಟದ್ದನ್ನು ಅವನು ಬೀದಿಯ ಮೂಲೆಯಲ್ಲಿ ನಿಂತು, “ಹ್ವಾಯ್, ಬೋರ್ಡಿನವ್ರ್ ಎಂತದೋ ಮಾಡ್ತ್ರಂಬ್ರ್, ಎಲ್ಲರೂ ಹುಷಾರಾಗಿರಿ!” ಎಂದು ಮುಗಿಸುತ್ತಿದ್ದ. ಊರಿಗೆ ಅಷ್ಟು ಸಾಕಾಗುತ್ತಿತ್ತು. ಆ ಬಚ್ಚ ಮಳೆಗಾಲ ಮುಗಿಯುತ್ತಲೂ ಬೊಂಬಾಯಿಯ ಹೋಟೆಲು ಸೇರಲು ಹೊರಟುಹೋದ. ಅಂದಿನಿಂದ ಹೊಳ್ಳರ ವರ್ತಮಾನ ಹೊಟ್ಟೆಯಲ್ಲೇ ಉಳಿದು ಅವರಿಗೆ ರಾತ್ರಿ ನಿದ್ರೆ ಸರಿಯಾಗಿ ಬರುತ್ತಿರಲಿಲ್ಲ.

ಅದು ಯುದ್ಧದ ಕಾಲ. ಅಕ್ಕಿಗೆ ರೇಷನ್, ಸೀಮೆಎಣ್ಣೆಗೆ ರೇಷನ್, ಸಕ್ಕರೆಯಂತೂ ಮಾತಿನಲ್ಲಿ ಮಾತ್ರ. ಮದುವೆಯಿರಲಿ ಮುಂಜಿಯಿರಲಿ, ಮೂವತ್ತು ಎಲೆಗಿಂತ ಹೆಚ್ಚು ಹಾಕಬಾರದೆಂದು ಸರಕಾರದ ಕಟ್ಟಳೆ ಬಂದಿತ್ತು. ಉಳಿದ ಊರುಗಳ ಪ್ರೆಸಿಡೆಂಟರು ತಮ್ಮೂರಿನಲ್ಲಿ ಮದುವೆಯಿದ್ದ ದಿನ ಹೊಟ್ಟೆನೋವು ಎಂದು ಮನೆಯಲ್ಲಿ ಮಲಗುತ್ತಿದ್ದರು. ನಮ್ಮ ಹೊಳ್ಳರು ಹಾಗಲ್ಲ. ದೋಣಿ ನಡೆಸುವ ನಾಗನ ಮಗಳ ಮದುವೆಯಲ್ಲಿ ಖುದ್ದಾಗಿ ಚಪ್ಪರದ ಬಾಗಿಲಿಗೆ ನಿಂತು ತಲೆ ಎಣಿಸಿದರು. ಮೂವತ್ತು ತುಂಬಿದ ಮೇಲೆ ಬಂದವನು ಮದುಮಗಳ ಸ್ವಂತ ಸೋದರಮಾವ. ಕಟ್ಟಳೆ ಮುರಿಯುವಂತಿಲ್ಲ, ಮಾವನನ್ನು ಕಳಿಸುವಂತಿಲ್ಲ. ಹೊಳ್ಳರು ತಮ್ಮ ಜಾಗವನ್ನು ಅವನಿಗೆ ಬಿಟ್ಟು, ಮದುವೆಯ ಬಾಳೆಹಣ್ಣನ್ನೂ ಮುಟ್ಟದೆ ಮನೆಗೆ ಬಂದು ತಂಗಳು ಉಂಡರು.

ಇಂಥವರ ಹೆಂಡತಿ ಪಂಕಜಾಕ್ಷಮ್ಮ. ನವರಾತ್ರಿ ಕಳೆದ ಮೇಲೆ ಒಂದು ಬೆಳಿಗ್ಗೆ ಗಂಜಿ ಬಡಿಸುತ್ತಾ ಮೆಲ್ಲನೆ ಕೇಳಿದರು.

“ಹ್ವಾಯ್, ಈ ಕಾರ್ತಿಕಕ್ಕೆ ನಿಮ್ಗೆ ಅರವತ್ತ್ ತುಂಬುತ್ತ್ ಅಲ್ದಾ?”

“ತುಂಬುತ್ತ್. ಅದ್ಕೆಂತ?”

“ಎಲ್ಲರೂ ಷಷ್ಟ್ಯಬ್ದಿ ಮಾಡ್ಕಂತ್ರ್.”

ಗಂಡನಿಗೆ ಅರವತ್ತಾದಾಗ ಮತ್ತೊಮ್ಮೆ ಹೆಂಡತಿಗೆ ಮಾಲೆ ಹಾಕಿ, ತಾಳಿ ಕಟ್ಟಿ, ಊರಿಗೆ ಊಟ ಹಾಕುವ ಶಾಸ್ತ್ರ ಅದು. ಹೊಳ್ಳರು ಗಂಜಿಯ ಬಟ್ಟಲು ಕೆಳಗಿಟ್ಟರು.

“ಊರಿಗೆಲ್ಲ ಕಟ್ಟಳೆ ಹೇಳೂ ಪ್ರೆಸಿಡೆಂಟ್ ನಾನ್. ನನ್ ಮನಿಯಂಗೇ ಊಟ ಹಾಕೂಕಾತ್ತಾ? ಮೂವತ್ತ್ ಎಲಿ ನಿನ್ ತೌರಿನ್ ಕಡೆಯವ್ರಿಗೇ ಸಾಕಾತ್ತಿಲ್ಲೆ. ಊರಂಗೆ ಯಾರನ್ನ್ ಬಿಡೂದ್, ಯಾರನ್ನ್ ಕರೂದ್?”

“ಊಟಕ್ಕಲ್ಲ,” ಎಂದರು ಪಂಕಜಾಕ್ಷಮ್ಮ. “ನಮ್ ಮದಿ ಆಪಾಗ ನಂಗೆ ಒಂಬತ್ತ್ ವರ್ಷ. ಧಾರಿ ಹೊತ್ತಿಗೆ ನಿದ್ರಿ ಬಂದ್ ಅಪ್ಪಯ್ಯನ ತೊಡಿ ಮೇಲೆ ಮನ್ಗಿದ್ದೆ ಅಂಬ್ರ್. ನಂಗೆ ಎಂತದೂ ನೆನ್ಪಿಲ್ಲೆ. ಒಂದ್ಸಲ ಎಚ್ಚರಿದ್ದ್ ಕಾಂಬ ಅಂದೇಳಿ ಆಸಿ ಇತ್ತ್.”

“ಯುದ್ಧ ಮುಗಿಲಿ, ಕಾಂಬ.”

“ಆಯ್ತ್.”

ಪಂಕಜಾಕ್ಷಮ್ಮನ ‘ಆಯ್ತ್’ಗಳಲ್ಲಿ ಹಲವು ಜಾತಿಗಳಿದ್ದವು. ಸಂತೋಷದ್ದೊಂದು, ಸಿಟ್ಟಿನದ್ದೊಂದು, ನೀವು ಹೇಳಿದ ಮೇಲೆ ಇನ್ನೇನು ಎಂಬುದೊಂದು. ಊರಿನ ಸಕಲ ವಿದ್ಯಮಾನ ಬಲ್ಲ ಹೊಳ್ಳರಿಗೆ ಈ ಒಂದು ವಿಷಯ ಮಾತ್ರ ಬೋರ್ಡಿನ ಮುಂದೆ ಬಂದಿರಲಿಲ್ಲ. ಅವರು ಬಾಯಿ ತೊಳೆದು ಹೊರಟರು.

ಅವರ ತಲೆಯಲ್ಲಿ ಆಗ ಇದ್ದದ್ದು ದೀಪ. ಕುಂದಾಪುರದ ಸಂತೆ ಮುಗಿಸಿ ಕತ್ತಲೆಗೆ ದೋಣಿ ಇಳಿಯುವವರು ಕಡವಿನ, ಅಂದರೆ ದೋಣಿಗಟ್ಟೆಯ, ಪಾವಟಿಗೆಯಲ್ಲಿ ಜಾರಿ, ಅಕ್ಕಿ ಬೆಲ್ಲ ಸಮೇತ ಹೊಳೆಗೆ ಬೀಳುವುದು ವಾರದ ಪದ್ಧತಿಯಾಗಿತ್ತು. ಅಲ್ಲಿಗೊಂದು ದೀಪ ಬೇಕೆಂದು ಹೊಳ್ಳರು ವರ್ಷಗಟ್ಟಲೆ ಕಚೇರಿಗಳಿಗೆ ಅಲೆದಿದ್ದರು. ಕಡೆಗೂ ಮಂಜೂರಾಗಿ ಬಂತು. ಒಂದು ಕಲ್ಲುಕಂಬ, ಅದರ ತಲೆಯ ಮೇಲೆ ಗಾಜಿನ ಪೆಟ್ಟಿಗೆ, ಒಳಗೊಂದು ಸೀಮೆಎಣ್ಣೆ ಬುಡ್ಡಿ. ಹೊಳ್ಳರ ಮುಖ ನೋಡಿದವರಿಗೆ ಮದ್ರಾಸಿನ ಬಂದರೇ ಹೊಸಕಡವಿಗೆ ಬಂತೇನೋ ಎನಿಸಬೇಕು.

ದೀಪ ಹಚ್ಚಲು ಒಳ್ಳೆಯ ದಿನ ಕೇಳಿಕೊಂಡು ಅವರು ಪುರೋಹಿತ ಮಹಾಲಿಂಗ ಐತಾಳರ ಮನೆಗೆ ಹೋದರು. ಐತಾಳರು ಪಂಚಾಂಗ ಬಿಡಿಸಿದರು. ಕಾರ್ತಿಕದ ಒಂದು ಬುಧವಾರದ ಮೇಲೆ ಅವರ ಬೆರಳು ನಿಂತಿತು. ಆವತ್ತು ಹೊಳ್ಳರ ಜನ್ಮನಕ್ಷತ್ರ. ಐತಾಳರು ಕನ್ನಡಕದ ಮೇಲಿನಿಂದ ಅವರನ್ನು ನೋಡಿ ಮುಗುಳುನಕ್ಕು, “ಬುಧವಾರ ಸಂಜಿಗೆ, ಗೋಧೂಳಿ ಲಗ್ನಕ್ಕೆ. ದೀಪಕ್ಕೇ ಅಲ್ದಾ?” ಎಂದರು. “ದೀಪಕ್ಕೇ,” ಎಂದರು ಹೊಳ್ಳರು. “ಹ್ಞಾಂ, ಹ್ಞಾಂ, ದೀಪಕ್ಕೇ,” ಎಂದು ಐತಾಳರು ಪಂಚಾಂಗ ಮಡಚಿದರು.

ಇನ್ನು ಊರಿಗೆ ಹೇಳಬೇಕು. ಬಚ್ಚನಿಲ್ಲ. ಹೊಳ್ಳರೇ ಮನೆಮನೆಗೆ ಹೋಗುವುದೆಂದಾಯಿತು. ಕೊಯ್ಲಿನ ಕಾಲವಾದ್ದರಿಂದ ಗಂಡಸರೆಲ್ಲ ಗದ್ದೆಯಲ್ಲಿ. ಪ್ರೆಸಿಡೆಂಟರೊಬ್ಬರೇ ಅಂಗಳಕ್ಕೆ ಬಂದರೆ ಹೆಂಗಸರು ಬಾಗಿಲ ಹಿಂದಿನಿಂದ ಈಚೆ ಬರುವವರಲ್ಲ. ಆದ್ದರಿಂದ ಹೆಂಡತಿಯೂ ಜೊತೆಗೆ ಬರಲಿ ಎಂದರು. ಹಾಗೆ ಹೊರಟಾಗ ಪಂಕಜಾಕ್ಷಮ್ಮ, “ಬರಿ ಕೈಯಂಗೆ ಮತ್ತೊಬ್ರ್ ಮನಿಗೆ ಹೋಪುದ್ ಹ್ಯಾಂಗೆ?” ಎಂದು ಕುಂಕುಮದ ಭರಣಿ ಹಿಡಿದುಕೊಂಡರು. ಹೊಳ್ಳರು ಬೋರ್ಡಿನ ಮೀಟಿಂಗಿನ ಕೋಟು ತೊಟ್ಟು, ಕೊಡೆಯನ್ನು ಕಂಕುಳಲ್ಲಿ ಸಿಕ್ಕಿಸಿದರು.

ಎಡವಟ್ಟಾದದ್ದೇ ಇಲ್ಲಿ. ನಮ್ಮ ಕಡೆಯ ಪದ್ಧತಿ ತಿಳಿಯದವರಿಗೆ ಒಂದು ಮಾತು ಹೇಳಬೇಕು. ಗಂಡ ಹೆಂಡತಿ ಇಬ್ಬರೂ ಸೇರಿ ಬಂದು, ಹೆಂಡತಿ ಮನೆಯ ಹೆಂಗಸರಿಗೆ ಕುಂಕುಮ ಕೊಟ್ಟು, ಗಂಡ ಅಂಗಳದಲ್ಲಿ ನಿಂತು ‘ಮನೆಯವರೆಲ್ಲ ಬರಬೇಕು’ ಎಂದರೆ ಅದು ಮನೆ ಹೇಳಿಕೆ. ಅಂದರೆ ಶುಭಕಾರ್ಯ, ಅಂದರೆ ಊಟ, ಒಲೆಗೆ ಆ ದಿನ ರಜೆ. ಎರಡನೆಯ ಮಾತು, ಹೇಳಿಕೆಗೆ ಬಂದವರನ್ನು ‘ಎಂತ ವಿಶೇಷ?’ ಎಂದು ಕೇಳುವಂತಿಲ್ಲ. ಕೇಳಿದರೆ ನಾವು ಅಷ್ಟು ಹತ್ತಿರದವರಲ್ಲ, ನಮಗೆ ಗೊತ್ತೇ ಇರಲಿಲ್ಲ ಎಂದು ಒಪ್ಪಿಕೊಂಡ ಹಾಗೆ. ಆದ್ದರಿಂದ ಎಲ್ಲರೂ ಗೊತ್ತಿದೆ ಎಂಬ ಮುಖ ಮಾಡಿ ತಲೆಯಾಡಿಸಿ, ಆಮೇಲೆ ಬೇಲಿಯ ಹತ್ತಿರ ಓಡುತ್ತಾರೆ.

ಮೊದಲನೆಯ ಮನೆ ಜಲಜಕ್ಕನದು. ಹೊಳ್ಳರು ಅಂಗಳದಲ್ಲಿ ನಿಂತು, ಜರ್ಮನಿಯ ಸಮಾಚಾರದಿಂದ ಶುರು ಮಾಡಿ, ತಾಲೂಕಿನ ಎಣ್ಣೆಯ ದಾಸ್ತಾನಿಗೆ ಬಂದು, ಮುರಿದ ಸಂಕವನ್ನು ದಾಟಿ, ಕೊನೆಗೆ, “ಈ ಬುಧವಾರ ಸಂಜಿಗೆ ಕಡವಿನಂಗೆ ದೀಪ ಹಚ್ಚೂದ್ ಇತ್ತ್, ಮನಿಯವ್ರೆಲ್ಲ ಬರ್ಕ್,” ಎಂದು ಮುಟ್ಟಿಸುವಷ್ಟರಲ್ಲಿ ಜಲಜಕ್ಕ ಕುಂಕುಮ ಹಚ್ಚಿಕೊಂಡು, ಮನಸ್ಸಿನಲ್ಲೇ ಪಂಚಾಂಗವನ್ನೂ ಹೊಳ್ಳರ ಪ್ರಾಯವನ್ನೂ ಲೆಕ್ಕ ಹಾಕಿ ಮುಗಿಸಿದ್ದಳು.

“ಬತ್ತೊ, ಬತ್ತೊ, ಎಲ್ಲರೂ ಬತ್ತೊ,” ಎಂದು ಅವರನ್ನು ಕಳಿಸಿ, ಬೇಲಿಯಾಚೆಯ ಸರಸಳನ್ನು ಕೂಗಿದಳು.

“ಏ ಸರಸ, ಕೇಂಡ್ಯಾ? ಹೊಳ್ರಿಗೆ ಬುಧವಾರ ಷಷ್ಟ್ಯಬ್ದಿ!”

“ದೀಪ ಅಂದೇಳಿ ಅಲ್ದಾ ಅವ್ರ್ ಹೇಳದ್ದ್?”

“ನಿಂಗೆ ತಲಿ ಇತ್ತಾ? ಕಲ್ಲ್ಕಂಬಕ್ಕೆ ಬುಡ್ಡಿ ಹಚ್ಚುಕೆ ಯಾರಾರೂ ಹೆಂಡ್ತಿ ಕೈಯಂಗೆ ಕುಂಕುಮ ಹಿಡ್ಸಿ ಮನಿ ಹೇಳ್ಕೆ ಹೇಳ್ತ್ರಾ? ಮೂವತ್ತ್ ಎಲಿ ಕಟ್ಟಳಿ ಇತ್ತಲೆ, ಪ್ರೆಸಿಡೆಂಟ್ರ್ ಬಾಯ್ ಬಿಟ್ಟ್ ಹೇಳುಕಾತ್ತಾ? ಅದ್ಕೇ ಪಾಪ, ದೀಪ ಅಂಬ್ರ್!”

ಇಷ್ಟು ಬುದ್ಧಿವಂತಿಕೆಯ ಅರ್ಥ ಸಿಕ್ಕಿದ ಮೇಲೆ ಅದನ್ನು ಯಾರು ಬಿಡುತ್ತಾರೆ? ಹೊಳ್ಳರು ಎರಡನೆಯ ಮನೆ ಮುಟ್ಟುವ ಮೊದಲೇ ಸುದ್ದಿ ನಾಲ್ಕನೆಯ ಮನೆ ದಾಟಿತ್ತು.

ಮೂರನೆಯ ಮನೆಯ ಗೋಮತಿಯಮ್ಮ ಊರಿಗೇ ಹಿರಿಯವರು. ಅವರು ಪಂಕಜಾಕ್ಷಮ್ಮನ ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ ಸ್ವಲ್ಪ ಹೊತ್ತು ಈಚೆ ಬಿಡಲೇ ಇಲ್ಲ. ಅಷ್ಟರಲ್ಲಿ ಹೊಳ್ಳರು ಅಂಗಳದ ಕರುವಿಗೆ ದೀಪದ ಪೂರ್ವೇತಿಹಾಸ ಹೇಳಿ ಮುಗಿಸಿದರು. ಹೆಂಡತಿ ಬಂದಾಗ ಕಣ್ಣು ಕೆಂಪಾಗಿತ್ತು. “ಒಲಿ ಹೊಗಿಯಾ?” ಎಂದು ಕೇಳಿದರು. “ಹ್ಞೂಂ,” ಎಂದರು ಪಂಕಜಾಕ್ಷಮ್ಮ. ಮುಂದಿನ ಮನೆಗಳಿಗೆ ಅವರು ಗಂಡನಿಗಿಂತ ಎರಡು ಹೆಜ್ಜೆ ಮುಂದೆಯೇ ನಡೆದರು.

ಆಮೇಲಿನ ದಿನಗಳಲ್ಲಿ ಹೊಳ್ಳರಿಗೆ ಊರು ಯಾಕೋ ಒಳ್ಳೆಯದಾಗಿ ಕಾಣತೊಡಗಿತು. ದಾರಿಯಲ್ಲಿ ಸಿಕ್ಕಿದವರೆಲ್ಲ ನಿಂತು, “ದೀಪಕ್ಕೆ ಬಪ್ಪುಕಿತ್ತ್ ಹೊಳ್ರೆ,” ಎಂದು ಒಂದು ಕಣ್ಣು ಮುಚ್ಚುತ್ತಿದ್ದರು. ಯಾರಾದರೂ ಎಂತಾದರೂ ತಿಳಿದುಕೊಂಡಾರೆಂದು ಹೊಳ್ಳರು ಅಂಗಡಿಯ ಜಗಲಿಯಲ್ಲಿ ಸ್ಪಷ್ಟಪಡಿಸಿದರು.

“ಊಟ ಗೀಟ ಎಂತದೂ ಇಲ್ಲೆ. ಬರೀ ದೀಪ.”

“ಎಂತ ಊಟ? ಯಾರ್ ಹೇಳದ್ದ್ ಊಟ?” ಎಂದು ಜಗಲಿಯಲ್ಲಿದ್ದವರೆಲ್ಲ ಒಟ್ಟಿಗೆ ಆಣೆಯಿಟ್ಟರು. “ಬರೀ ದೀಪ!”

ಸಾರ್ವಜನಿಕ ದೀಪವೊಂದರ ಬಗ್ಗೆ ಜನರಿಗೆ ಇಷ್ಟು ಒಮ್ಮತ ಇರುವುದನ್ನು ಕಂಡು ಹೊಳ್ಳರು ತಮ್ಮ ಭಾಷಣಕ್ಕೆ ಇನ್ನೊಂದು ಪುಟ ಸೇರಿಸಿದರು. ಐತಾಳರೊಬ್ಬರೇ ಅವರನ್ನು ಕಂಡರೆ ಕೊಡೆ ಅಡ್ಡ ಹಿಡಿದು ಹೋಗುತ್ತಿದ್ದರು. ದೀಪವನ್ನು ದೇವಸ್ಥಾನದ ಎದುರು ಹಾಕಲಿಲ್ಲವೆಂದು ಸಿಟ್ಟಿರಬೇಕು ಎಂದುಕೊಂಡು ಹೊಳ್ಳರು ಸುಮ್ಮನಾದರು.

ಅಂತೂ ಬುಧವಾರ ಬಂತು. ಹೊತ್ತು ಇಳಿಯುವಾಗ ಹೊಳ್ಳರು ಭಾಷಣವನ್ನು ಬಾಯಲ್ಲೇ ಉರು ಹೊಡೆಯುತ್ತಾ ಕಡವಿಗೆ ಬಂದರು. ಪಂಕಜಾಕ್ಷಮ್ಮ ಯಾಕೋ ಕಪಾಟಿನ ಅಡಿಯಲ್ಲಿದ್ದ ಕೆಂಪು ಸೀರೆ ಉಟ್ಟಿದ್ದರು. ದೀಪಕ್ಕೆ ಅಷ್ಟು ಗೌರವ ಕೊಟ್ಟದ್ದು ಹೊಳ್ಳರಿಗೆ ಮೆಚ್ಚುಗೆಯಾಯಿತು.

ಕಡವಿನಲ್ಲಿ ಊರಿಗೆ ಊರೇ ಇತ್ತು. ಹೊಳೆಯಾಚೆಯವರೂ ಬಂದಿದ್ದರು. ಕಿರಿಮಂಜೇಶ್ವರದಿಂದ ಪಂಕಜಾಕ್ಷಮ್ಮನ ತಮ್ಮನ ಸಂಸಾರ ಗಾಡಿ ಕಟ್ಟಿಕೊಂಡು ಬಂದು ಇಳಿಯುತ್ತಿತ್ತು. ಪ್ರೆಸಿಡೆಂಟರು ಬಾಯಿಬಿಟ್ಟು ಊಟ ಹಾಕುವಂತಿಲ್ಲ, ನಾವೇ ಹಾಕುವ ಎಂದು ಊರವರು ಮರಳಿನ ಮೇಲೆ ಕಲ್ಲು ಹೂಡಿ ಒಲೆ ಹಚ್ಚಿದ್ದರು. ಹಂಡೆಯಲ್ಲಿ ಅನ್ನ ಕುದಿಯುತ್ತಿತ್ತು. ಒಬ್ಬೊಬ್ಬ ಹೆಂಗಸೂ ಸೆರಗಿನ ಗಂಟು ಬಿಚ್ಚಿ, ತನ್ನ ಮನೆಯ ರೇಷನ್ನಿನಲ್ಲಿ ಉಳಿಸಿದ ಹಿಡಿ ಅಕ್ಕಿಯನ್ನು ತಂದು ಸುರಿಯುತ್ತಿದ್ದಳು. ಸೌತೆಕಾಯಿ, ತೆಂಗಿನಕಾಯಿ, ಬೆಲ್ಲದ ಅಚ್ಚು ಗುಡ್ಡೆಬಿದ್ದಿದ್ದವು. ಕಂಬಕ್ಕೆ ಮಾವಿನ ತೋರಣ ಕಟ್ಟಿದ್ದರು.

“ಕಂಡ್ಯಾ? ದೀಪ ಅಂದ್ರೆ ಜನ್ರಿಗೆ ಎಂತ ಪ್ರೀತಿ!” ಎಂದು ಹೊಳ್ಳರು ಹೆಂಡತಿಯ ಕಡೆ ತಿರುಗಿದರು. ಪಂಕಜಾಕ್ಷಮ್ಮ ನೆಲ ನೋಡುತ್ತಿದ್ದರು.

ಆಗ ಐತಾಳರು ಎರಡು ಹೂಮಾಲೆ ಹಿಡಿದು ಎದುರಿಗೆ ಬಂದು ನಿಂತರು. ಮುಖ ಇನ್ನೂ ಊದಿಯೇ ಇತ್ತು.

“ಹೊಳ್ರೆ, ಊರಿಗೆಲ್ಲ ಹೇಳ್ಕೆ ಹೇಳ್ತ್ರಿ, ಪುರೋಹಿತನ್ನ್ ಕರೂದಿಲ್ಲೆ. ಸಾಲಿಗ್ರಾಮದಿಂದ ಬೇರೆಯವ್ರನ್ನ್ ಕರ್ಸ್ತ್ರಿ ಕಾಂತ್ ಅಂದೇಳಿ ನಂಗೆ ಮೂರ್ ದಿನ ಅನ್ನ ಸೇರ್ಲಿಲ್ಲೆ. ಆದ್ರೂ ಬಂದೆ. ಹಳೇ ಪರಿಚಯ ಬಿಡೂಕಾತ್ತಾ? ಹೋಮ ನಾಳೆ ಬೆಳಿಗ್ಗೆ ಮನಿಯಂಗೆ ಮಾಡ್ವ. ಈಗ ಲಗ್ನ ಮೀರುಕಾಗ, ಮದುಮಗಳನ್ನ್ ಕರೀರಿ.”

“ಯಾವ ಮದುಮಗಳು?” ಎಂದರು ಹೊಳ್ಳರು.

ಐತಾಳರು ಪಂಕಜಾಕ್ಷಮ್ಮನ ಕಡೆ ಕೈ ತೋರಿಸಿದರು. ಊರಿಗೆ ಊರೇ ನಕ್ಕಿತು. ಹೊಳ್ಳರ ತಲೆಯೊಳಗೆ ಕೆಂಪು ಸೀರೆ, ಕುಂಕುಮ, ಮುಚ್ಚಿದ ಕಣ್ಣುಗಳು, ಕುದಿಯುವ ಹಂಡೆ ಎಲ್ಲ ಒಂದರ ಹಿಂದೊಂದು ಬಂದು ಸಾಲಾಗಿ ಕೂತವು. ಇದೆಲ್ಲ ತಪ್ಪು ತಿಳುವಳಿಕೆ ಎಂದು ಈಗಿಂದೀಗಲೇ ಹೇಳಿಬಿಡಬೇಕೆಂದು ಕಂಬದ ಕಟ್ಟೆ ಹತ್ತಲು ಕಾಲೆತ್ತಿದರು. ಯಾರೋ ಕೋಟಿನ ತುದಿ ಹಿಡಿದು ಜಗ್ಗಿದರು. ಪಂಕಜಾಕ್ಷಮ್ಮ.

“ನಂಗೆ ಗೊತ್ತಿತ್ತ್,” ಎಂದರು ಸಣ್ಣ ದನಿಯಲ್ಲಿ. “ಗೋಮತಿಯಮ್ಮ ಒಳ್ಗೆ ಕರ್ದ್ ತಲಿಗೆ ಹೂ ಮುಡ್ಸಿ ಹರಸಿದ್ರ್. ಆಗಳೇ ಗೊತ್ತಾಯ್ತ್.”

“ನಂಗೆ ಹೇಳುಕೆಂತ ಆಯ್ತ್ ನಿಂಗೆ?”

“ನಿಮ್ ಮಾತ್ ಮುಗಿದ್ರೆ ಅಲ್ದಾ ನಾ ಹೇಳೂದ್?” ಎಂದು, ತಕ್ಷಣ ತಲೆಯಾಡಿಸಿದರು. “ಅಲ್ಲ, ಸುಳ್ಳ್. ಹೇಳುಕೆ ಮನ್ಸ್ ಬರ್ಲಿಲ್ಲೆ. ನಂದೇ ತಪ್ಪ್. ಈಗ ನೀವ್ ಹೇಳಿಬಿಡಿ, ಬರೀ ದೀಪ ಅಂದೇಳಿ. ಜನ ಉಂಡ್ಕಂಡ್ ಹೋತ್ರ್. ನಂಗೆ ಬೇಜಾರಿಲ್ಲೆ.”

ಬೇಜಾರಿಲ್ಲ ಎಂದವರ ಕಣ್ಣಿನಿಂದ ನೀರು ಇಳಿಯುತ್ತಿತ್ತು. ಇಲ್ಲಿ ಒಲೆಯ ಹೊಗೆ ಇದ್ದದ್ದು ದೂರದಲ್ಲಿ. ಹೊಳ್ಳರಿಗೆ ಎತ್ತಿದ ಕಾಲನ್ನು ಎಲ್ಲಿ ಇಡಬೇಕೆಂದೇ ತಿಳಿಯಲಿಲ್ಲ.

ಸರಿಯಾಗಿ ಅದೇ ಹೊತ್ತಿಗೆ ಹೊಳೆಯ ನಡುವೆ ಗಲಾಟೆಯಾಯಿತು. ನಾಗನ ದೋಣಿಯಲ್ಲಿ ಖಾಕಿ ಕೋಟಿನವನೊಬ್ಬ ಎದ್ದು ನಿಂತು ಕೂಗುತ್ತಿದ್ದ. ಅವನು ಬ್ರಹ್ಮಾವರದ ಕಡೆಯ ದಾಮೋದರ, ಹೊಸದಾಗಿ ಬಂದ ಸಪ್ಲೈ ಇನ್ಸ್‌ಪೆಕ್ಟರ್. ಬೈಂದೂರಿಗೆ ಹೊರಟವನು ದಡದ ಒಲೆಗಳನ್ನು ದೂರದಿಂದಲೇ ಕಂಡಿದ್ದ. ನಾಗ ದೋಣಿಯನ್ನು ದಡಕ್ಕೆ ಬಿಟ್ಟು ಉಳಿದೆಲ್ಲ ದಿಕ್ಕಿಗೂ ನಡೆಸುತ್ತಿದ್ದ.

“ದಡ ಅಲ್ಲಿ ಇತ್ತಲ ಮಾರಾಯಾ!”

“ಈಗ ನೀರ್ ಇಳ್ತ ಸಾಯ್ಬ್ರೆ, ಮರಳ್ ದಿಣ್ಣಿ ಇತ್ತ್. ಸುತ್ತಾಕಂಡೇ ಹೋಯ್ಕ್,” ಎಂದು ನಾಗ ಇನ್ನೊಂದು ಸುತ್ತು ಹಾಕಿದ. ಕಡೆಗೆ ಇನ್ಸ್‌ಪೆಕ್ಟರು ಬೂಟು ಕೈಯಲ್ಲಿ ಹಿಡಿದು ಮೊಣಕಾಲು ನೀರಿಗೆ ಹಾರಿ ದಡ ಸೇರಿದ.

“ಎಂತ ಇದ್? ಯಾರ ಮನಿ ಊಟ?”

“ಊಟ ಅಲ್ಲ ಸಾಯ್ಬ್ರೆ, ದೀಪ!” ಎಂದಳು ಜಲಜಕ್ಕ, ಬಡಿಸುವ ಸಟ್ಟುಗವನ್ನು ಬೆನ್ನ ಹಿಂದೆ ಅಡಗಿಸಿ.

“ದೀಪ, ದೀಪ,” ಎಂದಿತು ಊರು.

“ಹಂಡಿಯಂಗೆ ಎಂತ?”

“ದೀಪದ ಪಾಯಸ,” ಎಂದ ಯಾರೋ. ಅವನನ್ನು ಪಕ್ಕದವರು ಚಿವುಟಿದರು.

ದಾಮೋದರ ಕೆಟ್ಟವನಲ್ಲ. ಕಂಬ ಕಂಡ, ಹಚ್ಚದ ಬುಡ್ಡಿ ಕಂಡ, ಹೂಮಾಲೆ ಹಿಡಿದ ಐತಾಳರನ್ನೂ ಕಂಡ. ಹಂಡೆಯ ಪಕ್ಕದಲ್ಲಿ ಬಿಚ್ಚಿದ್ದ ಸೆರಗಿನ ಗಂಟುಗಳನ್ನು ಕಂಡ ಮೇಲೆ ಅವನ ದನಿ ಇಳಿಯಿತು.

“ಪ್ರೆಸಿಡೆಂಟ್ರೇ ಹೇಳ್ಲಿ. ಅವ್ರ್ ಒಂದ್ ಸುಳ್ಳ್ ಹೇಳದವ್ರ್ ಅಂದೇಳಿ ತಾಲೂಕಿಗೆಲ್ಲ ಗೊತ್ತಿತ್ತ್. ಇದ್ ಬೋರ್ಡಿನ ದೀಪ ಅಂದ್ರೆ ನಾ ಹಂಗೇ ಬರ್ಕಂಡ್ ಹೋತೆ. ಹೊಳ್ರೆ, ಇದ್ ದೀಪವೋ, ನಿಮ್ ಮನಿ ಊಟವೋ?”

ಕೇಳಬೇಕಾದ್ದು ಇಷ್ಟೇ, ಹೇಳಬೇಕಾದ್ದೂ ಒಂದೇ ಶಬ್ದ. ದೀಪವೆಂದರೆ ಸುಳ್ಳೂ ಅಲ್ಲ. ಊರಿನಲ್ಲಿ ಆ ಒಂದು ಶಬ್ದವನ್ನು ನಿಜವಾದ ಅರ್ಥದಲ್ಲಿ ಹೇಳಬಲ್ಲವರು ಹೊಳ್ಳರೊಬ್ಬರೇ ಇದ್ದರು. ಅವರು ಬಾಯಿ ತೆರೆದು ಹೆಂಡತಿಯ ಕಡೆ ನೋಡಿದರು. ಪಂಕಜಾಕ್ಷಮ್ಮ ಆಗಲೇ ಸೆರಗಿನಿಂದ ಹಣೆಯ ಬೆವರಿನ ಜೊತೆ ಕುಂಕುಮವನ್ನೂ ಒರೆಸಿಕೊಂಡು, ಹಿಂದಕ್ಕೆ ಹೆಂಗಸರ ಸಾಲಿಗೆ ಸರಿಯುತ್ತಿದ್ದರು.

ಹೊಳ್ಳರು ಹೋಗಿ ಅವರ ಕೈ ಹಿಡಿದರು. ಹೊತ್ತು ಮುಳುಗುವ ಮೊದಲೇ, ಊರೆದುರಿಗೆ, ಕೋಟು ತೊಟ್ಟ ಪ್ರೆಸಿಡೆಂಟರು! ಗೋಮತಿಯಮ್ಮನೂ ಬಾಯಿಗೆ ಕೈ ಇಟ್ಟುಕೊಂಡರು.

“ದೀಪ ಬರೀ ನೆಪ,” ಎಂದರು ಹೊಳ್ಳರು. “ಇವತ್ತ್ ನಂಗೆ ಅ‍ರವತ್ತ್. ಇದ್ ನಮ್ ಮದಿ. ಊರಿಗೆಲ್ಲ ಹೇಳ್ಕೆ ಹೇಳದ್ದ್ ನಾನೇ. ಬರ್ಕಣಿ.”

ದಾಮೋದರ ಬರೆದುಕೊಂಡ. ಅದರಿಂದಾಗಿ ಮುಂದಿನ ತಿಂಗಳು ಹೊಳ್ಳರ ಪ್ರೆಸಿಡೆಂಟಗಿರಿ ಹೋಯಿತೆಂಬುದನ್ನು ಇಲ್ಲೇ ಹೇಳಿ ಮುಗಿಸುವುದು ಒಳ್ಳೆಯದು, ಯಾಕೆಂದರೆ ಆ ಸಂಜೆ ಅದರ ಚಿಂತೆ ಯಾರಿಗೂ ಇರಲಿಲ್ಲ. ಬರೆದಾದ ಮೇಲೆ ಇನ್ಸ್‌ಪೆಕ್ಟರನಿಗೆ ಹೋಗಲು ದೋಣಿಯೂ ಸಿಗಲಿಲ್ಲ, ಗಾಡಿಯೂ ಸಿಗಲಿಲ್ಲ. ಜಲಜಕ್ಕ ಅವನ ಮುಂದೆ ಎಲೆ ಹಾಕಿದಳು, ಅವನು ಬೂಟು ಪಕ್ಕಕ್ಕಿಟ್ಟು ಕೂತ.

ಐತಾಳರು ಲಗ್ನ ಮೀರೀತೆಂದು ಅವಸರ ಮಾಡಿದರು. ಹೊಳ್ಳರು ಹೆಂಡತಿಗೆ ಮಾಲೆ ಹಾಕಿದರು. ಪಂಕಜಾಕ್ಷಮ್ಮ ಕಣ್ಣಿನ ರೆಪ್ಪೆ ಬಡಿಯದೆ ಎಲ್ಲವನ್ನೂ ನೋಡಿದರು: ಮಾಲೆಯನ್ನು, ಗಂಡನ ಮುಖವನ್ನು, ನಗುತ್ತಾ ಅಕ್ಷತೆ ಎಸೆಯುವ ಊರನ್ನು. ಆಮೇಲೆ ಅವರಿಬ್ಬರೂ ಸೇರಿ ದೀಪ ಹಚ್ಚಿದರು. ಬೆಳಕು ಪಾವಟಿಗೆಗಳನ್ನು ದಾಟಿ ನೀರಿನವರೆಗೆ ಹೋಯಿತು.

“ಭಾಷಣ! ಭಾಷಣ!” ಎಂದು ಜನ ಕೂಗಿದರು. ಹೊಸಕಡವಿನ ಜನ ಹೊಳ್ಳರ ಭಾಷಣವನ್ನು ತಾವಾಗಿ ಕೇಳಿದ್ದು ಇದೇ ಮೊದಲು. ಹೊಳ್ಳರು ಗಂಟಲು ಸರಿಮಾಡಿಕೊಂಡರು, ಕೋಟು ಎಳೆದುಕೊಂಡರು, ಜರ್ಮನಿಯನ್ನು ನೆನಪಿಸಿಕೊಳ್ಳಲು ನೋಡಿದರು. ಕಡೆಗೆ ಕೈಮುಗಿದು ಎಲೆಯ ಮುಂದೆ ಕೂತರು.

ಪಕ್ಕದಲ್ಲಿ ಕೂತ ಪಂಕಜಾಕ್ಷಮ್ಮ ಮಾಲೆ ಸರಿಸಿಕೊಂಡು ಗಂಡನಿಗೆ ಮಾತ್ರ ಕೇಳುವ ಹಾಗೆ ಹೇಳಿದರು.

“ಇನ್ಸ್‌ಪೆಕ್ಟ್ರಿಗೆ ಹೇಳಿದ್ರಲೆ, ಅಷ್ಟ್ ಸಣ್ಣ್ ಮಾತಂಗೆ ಮುಗ್ಸುಕೆ ನಿಮ್ಗೆ ಬತ್ತ್ ಅಂದೇಳಿ ನಂಗೆ ಇಷ್ಟ್ ವರ್ಷ ಗೊತ್ತಿರ್ಲಿಲ್ಲೆ.”

“ನಂಗೂ ಗೊತ್ತಿರ್ಲಿಲ್ಲೆ,” ಎಂದರು ಹೊಳ್ಳರು.